ಮೆಟ್ಟಿಲ ತಿರುವಿನಲ್ಲಿ ಸಾಹೇಬರು

"ನಿಲ್ಲಿ, ನಿಲ್ಲಿ! ಗೋಡೆಗೆ ತಾಗ್ತಿದೆ!"

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎನ್ನುವಂತಾಯಿತು. ಹೊತ್ತವರು ಮೂವರು ಪೊಲೀಸರು ಮತ್ತು ಸಾಹೇಬರ ಮಗ. ನಿವೃತ್ತ ಇನ್ಸ್‌ಪೆಕ್ಟರರನ್ನು ಹೆಗಲ ಮೇಲೆಯೇ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಇಳಿಸುತ್ತೇವೆಂದು ಪೊಲೀಸರ ಹಟ. ಇಕ್ಕಟ್ಟಾದ ಮೆಟ್ಟಿಲಿಗೆ ಕವಾಯತಿನ ಗೌರವ ಗೊತ್ತಿರಬೇಕಲ್ಲ!

"ಹೆಗಲಿಂದ ಕೈಗಿಳಿಸ್ರಪ್ಪಾ," ಸಾಹೇಬರ ಹೆಂಡತಿ ಮೇಲಿನಿಂದ ಕೂಗಿದರು. "ಅವರಿಗೇನೂ ಅವಮಾನ ಆಗಲ್ಲ."

ಇಳಿಸಿದರು. ಆದರೆ ತಿರುವಿನ ಕೆಳಗೆ ಒಬ್ಬರಿಗಷ್ಟೇ ಜಾಗ. ಅಲ್ಲಿ ನಿಂತ ಪೊಲೀಸನ ಹಿಡಿತ ಆಗಲೇ ಸಡಿಲುತ್ತಿತ್ತು.

ಅಷ್ಟರಲ್ಲಿ ಒಬ್ಬ ಕೆಳಗಿನಿಂದ ಹತ್ತಿ ಬಂದ. ಎತ್ತರದ ಆಳು, ನರೆತ ಗಡ್ಡ. ನೋಡಿದ್ದೇ ತಡ, ಮಗನ ಮುಖ ಕೆಂಪಾಯಿತು.

"ಇವನ್ಯಾಕೆ ಬಂದ? ಇಳಿಯೋ ಕೆಳಗೆ!"

ಮೇಲೆ ನಿಂತಿದ್ದ ಸಾಹೇಬರ ಹೆಂಡತಿಗೂ ಗುರುತು ಹತ್ತಿತು. ಬೀಗ. ಬರುತ್ತೇನೆಂದಿದ್ದ, ಬಂದೇಬಿಟ್ಟ.

*

ಸಾಹೇಬರು ಸಂಜೆ ಹೊತ್ತು ಓಣಿಯ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಕಾಲ. ಇವನು ಗೋಲಿನ ಮುಂದೆ ನಿಂತರೆ ಚೆಂಡಿರಲಿ, ಸೊಳ್ಳೆಯೂ ದಾಟುವಂತಿರಲಿಲ್ಲ. ಗೋಲಿಗೆ ಜಡಿದ ಬೀಗ ಎಂದು ಅವನಿಗೆ ಆ ಹೆಸರಿಟ್ಟವರೂ ಸಾಹೇಬರೇ. ಹೆತ್ತ ಮಗನಿಗಿಂತ ಇವನ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ. ಒಂದು ದಿನ ಜಗಳದಲ್ಲಿ ಯಾರದೋ ತಲೆ ಒಡೆದು, ಓಡಿ ಬಂದು ಅವರದೇ ಅಡುಗೆಮನೆಯಲ್ಲಿ ಕೂತ. ಆಕೆ ಊಟಕ್ಕಿಟ್ಟರು. ಸಾಹೇಬರು ಬಂದು, ಅವನು ಉಂಡು ಕೈ ತೊಳೆಯುವವರೆಗೂ ಬಾಗಿಲಲ್ಲಿ ನಿಂತಿದ್ದು, ಆ ಒದ್ದೆ ಕೈಗೇ ಕೋಳ ಹಾಕಿದರು.

"ಸಾರ್, ನಾಳೆ ಫೈನಲ್ಲು."

"ಗೊತ್ತು. ನಡಿ."

"ನಿಮ್ಮನ್ನ ನಂಬಿ ಬಂದೆ ಸಾರ್. ನೀವು ಸತ್ತ ದಿನ ಮತ್ತೆ ಬರ್ತೀನಿ. ಬಂದು ನಿಮ್ಮ ಹೆಣದ ಮೇಲೆ ಉಗೀತೀನಿ."

ಮರುದಿನ ಗೋಲಿಗೆ ಮಗನನ್ನು ನಿಲ್ಲಿಸಿದರು. ಚೆಂಡು ಅವನ ಕಾಲಸಂದಿಯಲ್ಲೇ ನುಗ್ಗಿ ನುಗ್ಗಿ ಹೋಯಿತು. ಮಗನಿಗೆ ಬೀಗನ ಮೇಲೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಸಾಹೇಬರು ಅವನನ್ನು ನೋಡಲು ಜೈಲಿಗೆ ಹೋದಾಗಲೆಲ್ಲ ಬೀಗ ಭೇಟಿಗೆ ಒಲ್ಲೆ ಎನ್ನುತ್ತಿದ್ದ. ಬಿಡುಗಡೆಯಾದ ಮೇಲೂ ಈ ಕಡೆ ತಲೆ ಹಾಕಲಿಲ್ಲ. ಸಾಹೇಬರು ಎಷ್ಟೋ ದಿನ ಉಣ್ಣದೆ ಮಲಗಿದ್ದನ್ನು ಕಂಡವರು ಆಕೆಯೊಬ್ಬರೇ.

*

"ಅಮ್ಮಾ, ಕೈ ಜಾರ್ತಿದೆ!" ಕೆಳಗಿನ ಪೊಲೀಸ್ ಚೀರಿದ.

"ಬೇರೆ ಯಾರಾದ್ರೂ ಹಿಡ್ಕೊಳ್ಳಿ," ಮಗ ಹಲ್ಲು ಕಚ್ಚಿದ. "ಇವನು ಉಗಿಯೋಕೆ ಬಂದಿದಾನೆ."

ಬೀಗ ಅವನ ಕಡೆ ತಿರುಗಲಿಲ್ಲ. ಆಕೆಯನ್ನೇ ನೋಡುತ್ತಿದ್ದ. ಬಿಗಿದ ಆ ಬಾಯಲ್ಲಿ ಏನಿದೆಯೋ ದೇವರೇ ಬಲ್ಲ. ಆಕೆಗೆ ನಿಜಕ್ಕೂ ಹೆದರಿಕೆಯಾಯಿತು. ಬೇಡವೆಂದರೆ ಪೆಟ್ಟಿಗೆ ಬೀಳುತ್ತದೆ. ಹೂಂ ಎಂದರೆ ಸತ್ತವರ ಮಾನ ಅವನ ಬಾಯಿಗೆ ಬಿದ್ದಂತೆ.

"ಅವನ ಕೈಗೆ ಕೊಡ್ರಪ್ಪಾ," ಎಂದರು.

"ಅಮ್ಮಾ!" ಮಗ ಕಿರುಚಿದ.

"ಕೊಡು ಅಂದೆ. ನಿಮ್ಮಪ್ಪ ಕಾದಿದ್ದು ಸಾಕು."

ಪೊಲೀಸ್ ಬೀಗನಿಗೆ ಜಾಗ ಬಿಟ್ಟು ಕೆಳಗೆ ನುಸುಳಿದ. ಭಾರವೆಲ್ಲ ಒಮ್ಮೆಲೇ ಕೆಳಗೆ ನುಗ್ಗಿತು. ಬೀಗ ಬೆನ್ನು ಗೋಡೆಗೊತ್ತಿ, ಎರಡೂ ಕೈ ಚಾಚಿ ತಡೆದ. ಪೆಟ್ಟಿಗೆಯ ಅಂಚು ಎದೆಗೆ ಬಡಿದ ಸದ್ದು ಮೇಲಿನವರೆಗೂ ಕೇಳಿಸಿತು. ಪೆಟ್ಟಿಗೆ ನಿಂತಿತು. ಅವನ ಬಾಯಿಗೂ ಮುಚ್ಚಳಕ್ಕೂ ಈಗ ಒಂದು ಗೇಣು ಅಂತರ.

ಬೀಗ ತಲೆ ಬಾಗಿಸಿ ಮುಚ್ಚಳಕ್ಕೆ ಕೆನ್ನೆಯೊತ್ತಿದ. ಹಾಗೆಯೇ ಹಿಮ್ಮುಖವಾಗಿ ಇಳಿಯತೊಡಗಿದ.

ಮಗ ಪೆಟ್ಟಿಗೆಯ ಪಕ್ಕದಿಂದ ಬಗ್ಗಿ ಬೀಗನ ಕಾಲಿನತ್ತ ನೋಡಿದ.

"ಇನ್ನೊಂದು ಮೆಟ್ಟಿಲಿದೆ," ಎಂದ. "ನಿಧಾನ."

ಬೀಗನ ಬರಿಗಾಲು ಗಾಳಿಯಲ್ಲಿ ತಡಕಾಡಿ, ಆ ಮೆಟ್ಟಿಲನ್ನು ಬೆರಳ ತುದಿಯಿಂದ ಮುಟ್ಟಿ ನೋಡಿತು.