ಭಟ್ಟರು ಚಿಲ್ಲರೆ ಹಿಡಿದು ಓಡಿದ್ದು

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ತ್ರ್ಯಂಬಕ ಭಟ್ಟರು ಇಪ್ಪತ್ತಾರು ವರ್ಷದಿಂದ ಸಪ್ಲೈಯರ್. ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಹತ್ತಿರವೂ ಒಂದು ಪೈಸೆ ಭಕ್ಷೀಸು ಇಸಕೊಂಡವರಲ್ಲ. ಕೊಡಲು ಬಂದವರೂ ಇರಲಿಲ್ಲ ಅನ್ನಿ. ಅದಕ್ಕೆ ಆ ಕಡೆ ಬೇರೆಯೇ ಕ್ರಮವಿತ್ತು. ತಿಂಡಿ ಮುಗಿಸಿ ಕೈ ತೊಳೆದವನು ಎಲೆಅಡಿಕೆ ಸಂಚಿ ಬಿಚ್ಚಿದ ಅಂದರೆ, "ಬನ್ನಿ ಭಟ್ರೆ" ಎಂದು ಒಂದು ಎಲೆ, ಎರಡು ಚೂರು ಅಡಿಕೆ ಅವರ ಕಡೆಗೂ ಚಾಚಬೇಕು. ಭಟ್ಟರು ಹೆಗಲ ಮೇಲಿನ ಬಟ್ಟೆ ತೆಗೆದಿಟ್ಟು ಅದೇ ಬೆಂಚಿನಲ್ಲಿ ಎರಡು ನಿಮಿಷ ಕೂರಬೇಕು. ಆ ಎರಡು ನಿಮಿಷ ಅವರು ಸಪ್ಲೈಯರ್ ಅಲ್ಲ, ನೆಂಟರ ಪೈಕಿ.

ಹೀಗೆ ಕೂರಿಸಿಕೊಳ್ಳುವವರಲ್ಲಿ ಮೊದಲಿಗರು ಭಂಡಿಗಡಿಯ ಪರಮೇಶ್ವರಪ್ಪ ಗೌಡರು. ಸಂತೆಯ ದಿನ ಎರಡು ಬನ್ಸ್, ಒಂದು ಕಾಫಿ, ಆಮೇಲೆ ಸಂಚಿ. ಭಟ್ಟರ ಮಗಳ ಮದುವೆಯ ಮಾತು, ಗೌಡರು ಹೆಂಡತಿಗೂ ಹೇಳದೆ ಮುಚ್ಚಿಟ್ಟ ಸಕ್ಕರೆ ಕಾಯಿಲೆ, ಎಲ್ಲ ಆ ಬೆಂಚಿನಲ್ಲೇ ಇತ್ಯರ್ಥವಾಗಿತ್ತು.

ಎರಡು ಸಾವಿರದ ಆರರಲ್ಲಿ ಹೋಟೆಲಿನ ಯಜಮಾನಿಕೆ ಹಳೇ ಯಜಮಾನರ ಮಗ ಅವಿನಾಶನ ಕೈಗೆ ಬಂತು. ಅವನು ಒಳಗೊಂದು ಫ್ಯಾಮಿಲಿ ರೂಮು ಮಾಡಿದ. ಬಿಲ್ಲು ಕಪ್ಪು ಫೋಲ್ಡರಿನಲ್ಲಿ, ಪಕ್ಕದ ಬಟ್ಟಲಲ್ಲಿ ಸೋಂಪು. ಶೃಂಗೇರಿಗೆ ಹೋಗುವ ಕಾರುಗಳು ನಿಲ್ಲತೊಡಗಿದವು. ಒಂದು ದಿನ ಯಾರೋ ಫೋಲ್ಡರಿನಲ್ಲಿ ಹದಿನೆಂಟು ರೂಪಾಯಿ ಬಿಟ್ಟು ಎದ್ದು ಹೋದರು. ಪಾಪ, ಮರೆತರು ಎಂದು ಭಟ್ಟರು ಪಂಚೆ ಎತ್ತಿ ಕಟ್ಟಿ ಕಾರಿನ ಹಿಂದೆ ಓಡಿದರು. ಕಾರಿನವನು ಕಿಟಕಿ ಇಳಿಸಿ, ಭಟ್ಟರ ಕೈಯಲ್ಲಿದ್ದ ಚಿಲ್ಲರೆ ನೋಡಿ, "ಓ, ಸಾರಿ" ಎಂದು ಐವತ್ತರ ನೋಟನ್ನೂ ಅದರ ಮೇಲಿಟ್ಟು ಹೊರಟೇಹೋದ. ಭಟ್ಟರು ರಸ್ತೆಯಲ್ಲಿ ಪೆಚ್ಚಾಗಿ ನಿಂತರು.

ಮುಂದಿನ ವಾರವೂ ಹಾಗೇ ಆಯಿತು. ಬೇಡ ಬೇಡ ಅಂದಷ್ಟೂ ಜನ ಜಾಸ್ತಿ ಕೊಟ್ಟರು. "ಭಟ್ರು ಭಾರಿ ಪಾಯಿಂಟು ಹಿಡ್ದಿದಾರೆ ಮಾರಾಯ" ಎಂದು ಅಡುಗೆಮನೆಯವರು ಮೆಚ್ಚಿಕೊಂಡರು. ಕೊನೆಗೆ ಭಟ್ಟರು ಓಡುವುದನ್ನು ನಿಲ್ಲಿಸಿದರು. ಸುಳ್ಳು ಯಾಕೆ, ಒಂದೆರಡು ತಿಂಗಳಲ್ಲಿ ಫೋಲ್ಡರು ತೆರೆಯುವಾಗ ಕಣ್ಣು ತಾನಾಗಿ ಒಳಗೆ ಹೋಗುವುದನ್ನೂ ಕಲಿತಿತ್ತು. ಆದರೂ ಗೌಡರ ಬೆಂಚಿನಲ್ಲಿ ಕೂರುವ ತನಕ ತಾನು ಪೂರ್ತಿ ಕೆಲಸದವನಾಗಿಲ್ಲ ಎಂಬ ಧೈರ್ಯ ಒಂದಿತ್ತು. ಅದೊಂದು ಹೋಗದಿದ್ದರೆ ಸಾಕು ಅನ್ನಿಸುತ್ತಿತ್ತು.

ಆ ಬೇಸಿಗೆಯಲ್ಲಿ ಗೌಡರು ಮೈಸೂರಿನ ಹೊಸ ಬೀಗರನ್ನು ಕರಕೊಂಡು ಬಂದರು. ಫ್ಯಾಮಿಲಿ ರೂಮಿನಲ್ಲೇ ಕೂತರು. ಭಟ್ಟರು ಮುತುವರ್ಜಿಯಿಂದ ಬಡಿಸಿದರು. ಗೌಡರು ಸೋಂಪು ಬಾಯಿಗೆ ಹಾಕಿಕೊಂಡು, ಸಂಚಿ ಬಿಚ್ಚದೆ ಎದ್ದರು. ಫೋಲ್ಡರು ತೆರೆದರೆ ಬಿಲ್ಲಿನ ಮೇಲೆ ಇಪ್ಪತ್ತು ರೂಪಾಯಿ. ಭಟ್ಟರು ನೋಟು ಹಿಡಿದು ಹೊರಗೆ ಓಡಿದರು.

"ಗೌಡ್ರೆ, ಇದೆಂತ ಇದು?"

ಕಾರಿನ ಒಳಗಿಂದ ಬೀಗರು ನಕ್ಕರು. "ಇಪ್ಪತ್ತು ಸಾಲಲ್ವಂತೆ ಬೀಗ್ರೆ. ನಿಮ್ಮೂರಿನವ್ರೂ ಜೋರಾಗಿದಾರೆ."

ಗೌಡರ ಮುಖ ಕೆಂಪಾಯಿತು. ತಡಬಡಾಯಿಸಿ ಜೇಬಿನಿಂದ ಐವತ್ತು ತೆಗೆದು ಚಾಚಿದರು. ನಾನು ನಿಮ್ಮ ಸ್ನೇಹಿತ ಮಾರಾಯ್ರೆ ಎಂಬ ಮಾತು ಭಟ್ಟರ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ಸ್ನೇಹಿತನಿಗೆ ಇಪ್ಪತ್ತು ರೂಪಾಯಿ ಬಿಸಾಕಿ ಬಂದವರು ಎಂದು ಬೀಗರೆದುರು ಗೌಡರ ಮರ್ಯಾದೆ ಹೋಗುತ್ತಿತ್ತು. ಭಟ್ಟರು ಐವತ್ತನ್ನೂ ತಗೊಂಡು, "ಥ್ಯಾಂಕ್ಸ್ ಸಾರ್" ಎಂದು ಸಲಾಮು ಹೊಡೆದರು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವರು ಯಾರಿಗೂ ಸಲಾಮು ಹೊಡೆದಿರಲಿಲ್ಲ.

ಮುಂದಿನ ಸಂತೆಗೆ ಗೌಡರು ಒಬ್ಬರೇ ಬಂದು ಹೊರಗಿನ ಹಳೇ ಬೆಂಚಿನಲ್ಲೇ ಕೂತರು. ಭಟ್ಟರಿಗೆ ಹೋದ ಜೀವ ಬಂತು. ಕೇಳದೆಯೇ ಬನ್ಸ್ ತಂದಿಟ್ಟರು. ತಿಂದಾದ ಮೇಲೆ, ಕರೆಯುವ ಮೊದಲೇ ಪಕ್ಕದಲ್ಲಿ ಕೂತೂ ಬಿಟ್ಟರು. ಗೌಡರು ತಲೆ ತಗ್ಗಿಸಿಕೊಂಡಿದ್ದರು.

"ವಾರದಿಂದ ನಿದ್ದೆ ಇಲ್ಲ ಮಾರಾಯ್ರೆ. ಇಷ್ಟು ವರ್ಷ ನಿಮ್ ಕೈಲಿ ಚಾಕರಿ ಮಾಡಿಸ್ಕೊಂಡು ಬರೀ ಅಡಿಕೆ ಚೂರಲ್ಲೇ ಸಾಗಹಾಕಿದೀನಿ. ನೀವು ಎಷ್ಟು ಆಸೆ ಇಟ್ಕೊಂಡಿದ್ರೋ ಏನೋ. ಅವತ್ತು ಓಡಿ ಬರೋ ತನಕ ನಂಗೆ ಹೊಳೀಲೇ ಇಲ್ಲ ನೋಡಿ. ನೀವಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ ಭಟ್ರೆ?"

ಗೌಡರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಐನೂರರ ನೋಟೊಂದನ್ನು ನಾಲ್ಕು ಮಡಿಕೆ ಮಾಡಿ ಭಟ್ಟರ ಜೇಬಿಗೆ ತುರುಕಿ, ಬೇಡ ಅನ್ನಬಾರದು ಎಂದು ಮೇಲಿಂದ ಕೈಯನ್ನೂ ಒತ್ತಿ ಹಿಡಿದರು. ಇಷ್ಟು ಪ್ರೀತಿಯಿಂದ ಭಟ್ಟರನ್ನು ಯಾರೂ ಹೀಗೆ ದೂರ ಇಟ್ಟಿರಲಿಲ್ಲ.

ಭಟ್ಟರು ನಿಧಾನಕ್ಕೆ ಬೆಂಚಿನಿಂದ ಎದ್ದು, ಖಾಲಿ ತಟ್ಟೆ ಕೈಗೆತ್ತಿಕೊಂಡು ಕೇಳಿದರು:

"ಇನ್ನೇನು ಕೊಡ್ಲಿ?"