ಬೇಯದ ಬೇಳೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಂಗಳವ್ವನ ಖಾನಾವಳಿ ಇತ್ತು. ರೊಟ್ಟಿ ಎಲ್ಲ ಖಾನಾವಳಿಗಳಲ್ಲಿಯೂ ಸಿಗುತ್ತಿತ್ತು. ಜನ ಇಲ್ಲಿಗೆ ಬರುತ್ತಿದ್ದುದು ತೊಗರಿಬೇಳೆಗಾಗಿ. ಕಾಳು ಕಾಣದಂತೆ ಬೆಂದಿರುತ್ತಿತ್ತು. ಸೋಡಾ ಹಾಕಿ ಬೇಯಿಸುವುದನ್ನು ಮಂಗಳವ್ವ ಮೋಸವೆಂದು ಭಾವಿಸಿದ್ದಳು.

ನಳದ ನೀರು ವಾರಕ್ಕೊಮ್ಮೆ ಬರತೊಡಗಿದಾಗ ಅವಳು ಹಿತ್ತಲಿನ ಬಾವಿಯನ್ನೇ ನೆಚ್ಚಬೇಕಾಯಿತು. ಬಾವಿಯ ನೀರು ಗಡಸು, ಅದರ ಸುಣ್ಣಕ್ಕೆ ಬೇಳೆ ಬೇಯುತ್ತಿರಲಿಲ್ಲ. ಅದಕ್ಕಾಗಿ ರಾಣೆಬೆನ್ನೂರಿನ ಅಂಗಡಿಯಿಂದ ನೀರು ಮೆದುಮಾಡುವ ಯಂತ್ರ ತರಿಸಿದಳು. ಆಳೆತ್ತರದ ಕೊಳವೆ, ನೆತ್ತಿಯ ಮೇಲೊಂದು ಹಿಡಿಕೆ, ಪಕ್ಕದಲ್ಲಿ ಹರಳುಪ್ಪಿನ ಡಬ್ಬಿ. ಕೊಳವೆಯೊಳಗಿನ ಸಾಸಿವೆಯಂಥ ಕಾಳುಗಳು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಳು ತುಂಬಿದಾಗ ಹಿಡಿಕೆ ತಿರುಗಿಸಿ ಉಪ್ಪುನೀರು ಹಾಯಿಸಿದರೆ ಸುಣ್ಣ ಬಿಟ್ಟುಕೊಡುತ್ತವೆ. ದೀಪಾವಳಿಗೆ ಯಂತ್ರ ಬಂತು. ಬೇಳೆ ಮೊದಲಿನಂತೆ ಬೆಂದಿತು. ಬೇಸಿಗೆಯ ಹೊತ್ತಿಗೆ ಬೇಯುವುದನ್ನು ನಿಲ್ಲಿಸಿತು.

ಹಮಾಲರ ಮುಖಂಡ ನಬಿಸಾಬ ತಾಟಿನಲ್ಲಿ ಬೆರಳಾಡಿಸಿದ.

"ಮಂಗಳಕ್ಕಾ, ಬ್ಯಾಳಿ ಎಣಿಸಿ ಹಾಕೀಯೇನು? ಒಂದಕ್ಕೊಂದು ಮಾತು ಬಿಟ್ಟು ಕುಂತಾವ ನೋಡು."

"ತಿನ್ನೋ ಮಾರಾಯಾ. ಹಲ್ಲು ಗಟ್ಟಿ ಆಗ್ತಾವ."

"ಇರೋ ಹಲ್ಲು ಉಳದರ ಸಾಕವ್ವಾ."

ನಗುತ್ತಲೇ ಎದ್ದು ಹೋದ. ಮುಂದಿನ ಪೇಟೆಯ ದಿನ ಅವನೂ ಅವನ ಹಮಾಲರೂ ಮೂಲೆಯ ಇನ್ನೊಂದು ಖಾನಾವಳಿಯ ಬಾಗಿಲಲ್ಲಿ ಕಂಡರು. ಅಂದು ಮಂಗಳವ್ವನ ಹಂಡೆಯಲ್ಲಿ ಬೇಳೆ ಅರ್ಧಕ್ಕರ್ಧ ಉಳಿಯಿತು.

ಸಂಜೆ ಅವಳು ಮಾವ ಫಕ್ಕೀರಪ್ಪನವರ ಮುಂದೆ ನಿಂತಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಫಕ್ಕೀರಪ್ಪನವರು ಮೆಣಸಿನಕಾಯಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿ ದುಡಿದವರು. ಅವರ ಎದುರಿನಲ್ಲಿ ಯಾರೂ ನೀರು ಚೆಲ್ಲುತ್ತಿರಲಿಲ್ಲ, ಮಾತನ್ನೂ ಚೆಲ್ಲುತ್ತಿರಲಿಲ್ಲ.

"ಸೋಮವಾರದ ಪೇಟೆಗೂ ಬ್ಯಾಳಿ ಹಿಂಗs ಆತಂದ್ರ ಒಲಿ ಆರಸ್ತೇನ್ರಿ, ಮಾವಾರ. ಜಾಗಾ ಚೀಲಾ ಒಟ್ಟಾಕ ಯಾರಿಗಾರ ಕೊಟ್ಟುಬಿಡೂಣು."

"ಯಂತ್ರ ಕುಂದ್ರಿಸಿದಾಂವನ್ನ ಕರಸು," ಎಂದರು ಅವರು.

ಶನಿವಾರ ರಾಣೆಬೆನ್ನೂರಿನಿಂದ ಕೈಸರ ಬಂದ. ಯಂತ್ರವನ್ನು ಜೋಡಿಸಿದವನು ಅವನೇ. ಉಪ್ಪಿನ ಡಬ್ಬಿ ನೋಡಿದ. ಉಪ್ಪು ಹರಳಾಗಿತ್ತು, ಗಟ್ಟಿಯಾಗಿ ಕಟ್ಟಿಕೊಂಡಿರಲಿಲ್ಲ. ಹೀರುವ ನಳಿಗೆ ಬಿಚ್ಚಿ ಊದಿದ. ಗಾಳಿ ಸರಾಗ ಹೋಯಿತು. ಕಾಳುಗಳನ್ನು ಅಂಗೈ ಮೇಲೆ ತೆಗೆದು ಉಜ್ಜಿದ, ಒಡೆದಿರಲಿಲ್ಲ. ಉಪ್ಪುನೀರು ಹಾಯಿಸಿ, ತೊಳೆದು, ಯಂತ್ರದಿಂದ ಬಂದ ನೀರನ್ನು ಸಣ್ಣ ಸೀಸೆಗೆ ಹಿಡಿದು ಔಷಧಿ ಬಿಟ್ಟ. ಗಡಸು ನೀರು ಕೆಂಪಾಗುತ್ತದೆ, ಮೆದು ನೀರು ನೀಲಿಯಾಗುತ್ತದೆ. ಸೀಸೆ ನೀಲಿಯಾಯಿತು.

"ಯಂತ್ರ ಛಲೋ ಐತಿ, ಅಕ್ಕಾರ."

"ನಿನ್ನ ಯಂತ್ರ ಛಲೋ ಐತಿ, ನನ್ನ ಬ್ಯಾಳಿ ಕೆಟ್ಟಾವ. ಹಂಗಾರ ನಿನಗ ಔಷಧೀ ನೀರs ಊಟಕ್ಕ ಹಾಕಲೇನು?"

ಕೈಸರ ನಕ್ಕು ಅಲ್ಲಿಯೇ ಕುಳಿತ. ಹಂಡೆಗಳಿಗೂ ಮುಸುರೆ ಪಾತ್ರೆಗಳಿಗೂ ನೀರು ಹರಿಯಿತು. ಮಧ್ಯಾಹ್ನ ಇನ್ನೊಮ್ಮೆ ಸೀಸೆ ಹಿಡಿದಾಗ ಅದು ಕೆಂಪಾಯಿತು. ನಾಲ್ಕು ದಿನ ಬಾಳಬೇಕಾದ ಕಾಳುಗಳ ಶಕ್ತಿ ಅರ್ಧ ದಿನದಲ್ಲಿ ತೀರಿತ್ತು. ಕೈಸರ ಬಾವಿಯ ನೀರನ್ನೇ ನೇರ ಸೇದಿ ಅಳೆದ. ಅವನ ನಗು ನಿಂತಿತು.

"ದೀಪಾವಳಿಗೆ ಇಷ್ಟು ಗಡಸು ಇರಲಿಲ್ರಿ. ಬಾವಿನs ಬದಲಾಗೈತಿ."

ಮಂಗಳವ್ವ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದಳು. ಯಂತ್ರ ಬಂದ ಮೇಲೆ ಅವಳು ಬಾವಿಯ ನೀರನ್ನು ಬರಿದೇ ಕುಡಿದಿರಲಿಲ್ಲ.

"ಉಪ್ಪು ಐತಲ್ಲೋ! ಅದಕ್ಕs ನೋಡು, ಹ್ವಾದ ತಿಂಗಳಿಂದ ಸಾರಿಗೆ ಉಪ್ಪು ಕಮ್ಮಿ ಹಾಕಿದರೂ ಹೆಚ್ಚs ಆಗತಿತ್ತು. ನನ್ನ ಕೈ ಕೆಟ್ಟೈತಿ ಅನ್ಕೊಂಡಿದ್ನಿ. ಬಾವಿಗೆ ಉಪ್ಪು ಎಲ್ಲಿಂದ ಬಂತು?"

ಕೈಸರ ಎದ್ದು, ಯಂತ್ರ ತೊಳೆದ ಉಪ್ಪುನೀರು ಹೊರಹೋಗುವ ನಳಿಗೆಯ ಜಾಡು ಹಿಡಿದು ಹೊರಟ. ಯಂತ್ರ ಜೋಡಿಸುವಾಗ ಅವನು ಅದನ್ನು ಬೀದಿಯ ಗಟಾರಕ್ಕೆ ಬಿಟ್ಟಿದ್ದ. ಈಗ ಅದು ಬಚ್ಚಲಗೋಡೆಯ ಹಿಂದೆ ತಿರುಗಿ, ಕರಿಬೇವಿನ ಗಿಡದ ಬುಡದಲ್ಲಿ ಹಾಯ್ದು ಬಾವಿಯ ಕಟ್ಟೆಯೊಳಗೆ ಇಳಿದಿತ್ತು.

"ಇದನ್ನ ಯಾರು ತಿರುವ್ಯಾರ್ರಿ?"

"ನಾನು," ಎಂದರು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಫಕ್ಕೀರಪ್ಪನವರು.

ಅವರೇ ಮುಂದುವರಿಸಿದರು.

"ಉಪ್ಪು ಅಂದ್ರ ಲಕ್ಷ್ಮಿ. ಮಂದಿ ತುಳದಾಡೋ ಜಾಗಾಕ್ಕ ಚೆಲ್ಲಬಾರದು. ಉಣ್ಣಾಕ ಬಾರದ ಉಪ್ಪನ್ನ ನಮ್ಮವ್ವ ಬಾವ್ಯಾಗ ಕರಗಸತಿದ್ಲು. ನಾನೂ ಹಂಗs ಮಾಡೇನಿ."

"ನಿಮ್ಮವ್ವಾರು ಕರಗಿಸಿದ್ದು ಚಿಟಿಕಿ ಉಪ್ಪರಿ ಮಾವಾರ," ಎಂದಳು ಮಂಗಳವ್ವ. "ಇದು ಚೀಲಗಟ್ಟಲೆ."

ಫಕ್ಕೀರಪ್ಪನವರು ಕೈಸರನತ್ತ ತಿರುಗಿದರು.

"ನೀರಿನಾಗಿಂದ ತಗದ ಸುಣ್ಣಾ ಎಲ್ಲಿ ಹೋಗತೈತಿ?"

"ಉಪ್ಪುನೀರಿನ ಸಂಗಾಟ ಇದs ನಳಿಗ್ಯಾಗ ಹೊರಗ ಬರತೈತ್ರಿ, ಅಜ್ಜಾರ."

ಅವರು ಬಾವಿಯ ಕಟ್ಟೆಯ ಮೇಲೆ ಕೈಯೂರಿ ಒಳಗೆ ಬಗ್ಗಿ ನೋಡಿದರು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

"ಅಂದ್ರ ಬರೇ ಉಪ್ಪಲ್ಲ. ತಗದ ಸುಣ್ಣಾನ್ನೂ ತಿರುಗಿ ಬಾವಿಗೇ ಹಾಕೇನಿ. ನೀರು ಗಡಸಾದಷ್ಟೂ ಯಂತ್ರಕ್ಕ ಉಪ್ಪು ಹೆಚ್ಚು ಬೇಕು, ಉಪ್ಪು ಹೆಚ್ಚಾದಷ್ಟೂ ಬಾವಿ ಕೆಡ್ತೈತಿ."

"ಹೌದ್ರಿ."

"ಆದರೂ ಗಟಾರಕ್ಕ ಬಿಡಾಕ ನನ್ನ ಮನಸ್ಸು ಒಪ್ಪಂಗಿಲ್ಲ."

ಮಂಗಳವ್ವ ಅವರನ್ನು ಮುಂಬಾಗಿಲಿಗೆ ಕರೆದೊಯ್ದಳು. ಗಟಾರದ ಮೇಲೆ ಉದ್ದಕ್ಕೂ ಚಪ್ಪಡಿ ಹಾಸಿತ್ತು. ಅವರ ಹೊಸ್ತಿಲ ಮುಂದೆ ಮಾತ್ರ ಒಂದು ಚಪ್ಪಡಿಯಷ್ಟು ಬಾಯಿ ತೆರೆದಿತ್ತು.

"ಮಂದಿ ಕಲ್ಲು ತುಳೀತಾರ್ರಿ, ಉಪ್ಪು ತುಳಿಯಂಗಿಲ್ಲ. ಈ ಬಾಯಿ ಮುಚ್ಚಿದ್ರ ಆತು. ನಾಳಿ ಬಾವಿ ನೀರೆಲ್ಲಾ ಹೊರಗ ಹಾಕಸಬೇಕು. ಇಲ್ಲಂದ್ರ ಒಲಿ ಆರತೈತಿ. ನೀವs ಹೇಳ್ರಿ."

ಅವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಚಪ್ಪಡಿ ಮಾರುವ ಕಲ್ಲಿನ ಅಡ್ಡೆಗೆ ನಡೆದರು. ಸೂರ್ಯ ಮುಳುಗುವ ಮುಂಚೆ ಕೈಗಾಡಿಯಲ್ಲಿ ಚಪ್ಪಡಿ ಬಂತು. ಕೈಸರ ನಳಿಗೆಯನ್ನು ಮೊದಲಿನ ಜಾಗಕ್ಕೆ ಜೋಡಿಸಿ ಬಸ್ಸು ಹಿಡಿದ.

ರವಿವಾರ ಬಾವಿಗೆ ಮೋಟಾರು ಇಳಿಯಿತು. ಹಿಂದೆ ಒಂದು ತಂಬಿಗೆ ನೀರು ಚೆಲ್ಲಿದರೂ ಗದರಿಸುತ್ತಿದ್ದ ಫಕ್ಕೀರಪ್ಪನವರು ಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ನೀರು ಇಡೀ ದಿನ ಗಟಾರಕ್ಕೆ ಹರಿಯಿತು. ಪಕ್ಕದ ಮನೆಯ ಗದಿಗೆವ್ವ ಕೊಡ ಹಿಡಿದು ಓಡಿಬಂದಳು.

"ಯಣ್ಣಾ, ಈ ಬ್ಯಾಸಗ್ಯಾಗ ನೀರು ಹಿಂಗ ಚೆಲ್ಲತಾರೇನ್ರಿ? ಕೊಡಾ ತುಂಬಕೊಳ್ಳಲೇನು?"

"ತುಂಬಕೋಬ್ಯಾಡ. ಕೆಟ್ಟ ನೀರದು," ಎಂದರು. ನೀರು ತೀರಿ ಮೋಟಾರು ಗಾಳಿ ಎಳೆಯುವವರೆಗೆ ಕುರ್ಚಿಯಿಂದ ಏಳಲಿಲ್ಲ. ರಾತ್ರಿ ತಳದ ಸೆಲೆ ಮೆಲ್ಲಗೆ ಒಸರಿತು.

ಸೋಮವಾರ ಬೆಳಗಿನ ನೀರು ಪೂರ್ತಿ ಶುದ್ಧವಾಗಿರಲಿಲ್ಲ. ಬಾವಿ ತೊಳೆದುಹೋಗಲು ಮಳೆಗಾಲವೇ ಬೇಕೆಂದು ಕೈಸರ ಹೇಳಿದ್ದ. ಆದರೆ ಯಂತ್ರಕ್ಕೆ ನಿಭಾಯಿಸುವಷ್ಟಿತ್ತು. ಮಂಗಳವ್ವ ಬೇಳೆಯನ್ನು ಒಲೆಗೆ ಏರಿಸಿ, ಮುಚ್ಚಳ ತೆಗೆಯದೆ ಕಾದಳು. ಆಮೇಲೆ ಸೌಟು ಇಳಿಸಿದಳು. ಸೌಟಿಗೆ ಒಂದು ಬೇಳೆಯೂ ತಡೆಯಲಿಲ್ಲ.

ಬಂದವರು ಕಡಿಮೆ. ಹತ್ತು ಜನ ರೈತರು, ಗಾಡಿಯವರು ಇಬ್ಬರು. ಹಮಾಲರು ಬರಲಿಲ್ಲ. ಕುಳಿತವರಲ್ಲಿ ಮೋಟೆಬೆನ್ನೂರಿನ ರೈತನೊಬ್ಬ ಎರಡನೆಯ ಸಲ ಬೇಳೆ ಹಾಕಿಸಿಕೊಂಡ. ಅವನನ್ನು ನೋಡಿ ಉಳಿದವರೂ ತಾಟು ಚಾಚಿದರು. ಮಂಗಳವ್ವ ಗುರುವಾರದ ಪೇಟೆಗೆ ಬೇಕಾಗುವ ತೊಗರಿಬೇಳೆಗಾಗಿ ಅಂಗಡಿಗೆ ಹೇಳಿ ಕಳಿಸಿದಳು.

ಉಂಡವರು ಹೊರಗೆ ಬಂದು ಹೊಸ ಚಪ್ಪಡಿಯ ಮೇಲೆಯೇ ನಿಂತು ವೀಳ್ಯದೆಲೆ ಮಡಿಚಿ ಬಾಯಿಗಿಟ್ಟುಕೊಂಡರು. ಮುಂಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದ ಫಕ್ಕೀರಪ್ಪನವರು, ಅಡಿಯಲ್ಲಿ ಉಪ್ಪುನೀರು ಹರಿಯುವ ಆ ಕಲ್ಲಿನ ಮೇಲಿದ್ದ ಅವರ ಕಾಲುಗಳನ್ನೇ ನೋಡುತ್ತಿದ್ದರು. ಆಮೇಲೆ ಸ್ವಲ್ಪ ಸರಿದು, ಅವರಲ್ಲೊಬ್ಬ ಕೂರುವಷ್ಟು ಜಾಗ ಮಾಡಿದರು.