ನಾಲ್ಕನೇ ಪ್ರಶ್ನೆಗೆ ಹಾಕಿದ ರೈಟು

"ಈ ಹುಡುಗಿ ಪೇಪರ್ ನೋಡ್ರೀ ಮೇಷ್ಟ್ರೇ, ಕಣ್ಣಿಗೊತ್ಕೊಳ್ಳೋ ಹಾಗಿದೆ. ಹತ್ತಕ್ಕೆ ಹತ್ತು! ಅಕ್ಷರಾನೂ ಮುತ್ತು ಪೋಣಿಸಿದಂಗೆ. ಯಾರ್ರೀ ಇವಳು? ಕರೀರಿ ಒಂದ್ಸಲ, ಮುಖ ನೋಡ್ತೀನಿ."

ಹೀಗೆ ಅಂದವರು ಸಂಜೀವಪ್ಪನವರು. ಬೆಂಗಳೂರಿನಿಂದ ಜೀಪಿನಲ್ಲಿ ಬಂದು, ಬೆಳಿಗ್ಗೆ ಹತ್ತರಿಂದ ನಮ್ಮ ಹೈಸ್ಕೂಲಿನ ಆಫೀಸು ರೂಮಿನಲ್ಲಿ ಕೂತಿದ್ದರು. ಹತ್ತನೇ ತರಗತಿಯ ಹುಡುಗಿಯರಿಗೆ ನಾವು ಮಾಡಿದ ಶನಿವಾರದ ಪಾಠ ಎಷ್ಟು ಫಲ ಕೊಟ್ಟಿದೆ ಎಂದು ಅಳೆದು ವರದಿ ಬರೆಯುವುದು ಅವರ ಕೆಲಸ. ಮುಂದೆ ನಲವತ್ತೆರಡು ಉತ್ತರಪತ್ರಿಕೆ ಹರಡಿದ್ದವು. ಕೈಯಲ್ಲಿದ್ದದ್ದು ಕದಿರಮ್ಮನದು.

ನಾನು ಹೆಡ್‌ಮೇಷ್ಟ್ರು ವೆಂಕಟರಾಮಪ್ಪನವರ ಮುಖ ನೋಡಿದೆ. ಅವರು ಗೋಡೆ ಗಡಿಯಾರದ ಮುಖ ನೋಡಿದರು.

"ಆ ಹುಡುಗಿ ಟಿ.ಸಿ. ತಗೊಂಡ್ಲು ಸಾರ್. ಮದುವೆ ಆಯ್ತು."

"ಅಯ್ಯೋ, ಪರೀಕ್ಷೆ ಮೂರು ತಿಂಗಳಿರೋವಾಗ? ಟೀಚರ್, ನೀವಾದ್ರೂ ಅವರ ಮನೆಯವರಿಗೆ ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳ್ದೆ ಸಾರ್," ಅಂದೆ.

ಹೇಳಿರಲಿಲ್ಲ. ಹೇಳುವುದಿರಲಿ, ಮೂರು ವಾರದಿಂದ ನಾನು ಅವರ ಬೀದಿಗೇ ಹೋಗಿರಲಿಲ್ಲ. ಅಂಗಡಿಗೆ ಹೋಗಬೇಕಾದರೆ ಕೆರೆ ಏರಿ ಮೇಲೆ ಸುತ್ತಿಕೊಂಡು ಹೋಗುತ್ತಿದ್ದೆ.

ನಾನು ಮುನಿತಾಯಮ್ಮ, ಆ ಶಾಲೆಯ ಹೊಲಿಗೆ ಟೀಚರು. ಓದಿದ್ದು ಎಂಟನೇ ತರಗತಿ, ಆಮೇಲೆ ಒಂದು ಟೈಲರಿಂಗ್ ಸರ್ಟಿಫಿಕೇಟು. ಮಿಕ್ಕಿದ್ದೆಲ್ಲ ಬೆಲ್ಲ, ಹುಣಸೆಹಣ್ಣು ಕಟ್ಟಿಕೊಟ್ಟ ಪೇಪರು ಬಿಡಿಸಿ ಓದಿ ಕಲಿತದ್ದು. ಎಪ್ಪತ್ತನಾಲ್ಕರ ಜೂನ್‌ನಲ್ಲಿ ಸಂಜೀವಪ್ಪನವರನ್ನು ಕಳಿಸಿದ ಬೆಂಗಳೂರಿನ ಸಂಸ್ಥೆಯಿಂದ ನಮ್ಮ ಶಾಲೆಗೆ ಒಂದು ಕಟ್ಟು ಹಸಿರು ಪುಸ್ತಕ ಬಂತು. ಹದಿನಾರು ಪುಟ. ಓದೋ ವಯಸ್ಸಿನಲ್ಲಿ ಬಸಿರಾಗಿ ಶಾಲೆ ಬಿಡುವ ಹುಡುಗಿಯರು ನಮ್ಮ ದೇವನಹಳ್ಳಿ ಕಡೆ ಜಾಸ್ತಿ, ಅವರಿಗೆ ಮೊದಲೇ ತಿಳಿವಳಿಕೆ ಕೊಡಬೇಕು ಎಂದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಪಾಠ ಮಾಡುವವರು ಯಾರು? ವಿಜ್ಞಾನದ ಮೇಷ್ಟ್ರು ಪುಸ್ತಕ ತೆರೆದು, ಆರನೇ ಪುಟಕ್ಕೆ ಬಂದು, ಬಿಸಿ ಪಾತ್ರೆ ಮುಟ್ಟಿದವರಂತೆ ಮುಚ್ಚಿದರು. "ನಾನು ಮೂರು ಹೆಣ್ಣುಮಕ್ಕಳ ತಂದೆ ಸಾರ್, ನನ್ನ ಬಾಯಲ್ಲಿ ಇದೆಲ್ಲ ಬರಲ್ಲ" ಅಂದರು.

"ಮುನಿತಾಯಮ್ಮನವ್ರೇ, ನೀವು ಹೆಂಗಸು," ಎಂದು ಹೆಡ್‌ಮೇಷ್ಟ್ರು ಹೊಸದಾಗಿ ಕಂಡುಹಿಡಿದವರಂತೆ ಹೇಳಿದರು. "ಶನಿವಾರದ ಹೊಲಿಗೆ ಕ್ಲಾಸಲ್ಲೇ ಕಾಜಾ ಹಾಕ್ತಾ ಹಾಕ್ತಾ ನಾಲ್ಕು ಮಾತು ಹೇಳ್ಬಿಡಿ."

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಓದಿದೆ. ಆರನೇ ಪುಟದಲ್ಲಿ ಗರ್ಭ ಯಾವಾಗ ನಿಲ್ಲುತ್ತದೆ ಎಂದು ಬಿಡಿಸಿ ಬರೆದಿತ್ತು. ಗಂಡು ಹೆಣ್ಣು ಸೇರಿದಾಗ ನಿಲ್ಲುತ್ತದೆ, ಒಂದು ಸಲಕ್ಕೂ ನಿಲ್ಲಬಹುದು ಎಂದಿತ್ತು. ಆ ಮಾತು ನಾನು ನನ್ನ ಗಂಡನ ಎದುರಿಗೂ ಬಾಯಿಬಿಟ್ಟು ಆಡಿದವಳಲ್ಲ. ನಲವತ್ತೆರಡು ಹುಡುಗಿಯರ ಎದುರಿಗೆ ಹೇಗೆ ಆಡಲಿ? ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಚಿ, ಪಕ್ಕದಲ್ಲಿ "ಮದುವೆಯಾದ ಮೇಲೆ" ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲಿಲ್ಲ. ನಮ್ಮ ಕಡೆ ಮಾತಾಡುವುದೇ ಹಾಗಲ್ಲವೇ? ಮದುವೆ ಆಗಿ ಎರಡು ವರ್ಷವಾಯ್ತು, ಇನ್ನೂ ಏನೂ ಇಲ್ವಾ ಅನ್ನುತ್ತೇವೆ. ದೊಡ್ಡವರಿಗೆ ಅದರ ಅರ್ಥ ಗೊತ್ತು. ಮಕ್ಕಳಿಗೂ ಗೊತ್ತಿರುತ್ತದೆ ಅಂದುಕೊಂಡೆ.

ಪಾಠಕ್ಕೆ ಮೊದಲು ಒಂದು ಪರೀಕ್ಷೆ, ಆದ ಮೇಲೆ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ನಾಲ್ಕನೇ ಪ್ರಶ್ನೆ: ಗರ್ಭ ಯಾವಾಗ ನಿಲ್ಲುತ್ತದೆ? ಮೊದಲ ಸಲ ಅರ್ಧ ಕ್ಲಾಸು "ದೇವರು ಕೊಟ್ಟಾಗ" ಎಂದು ಬರೆದಿತ್ತು. ಒಬ್ಬಳು "ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವುದಿಲ್ಲ" ಎಂದು ಬರೆದಿದ್ದಳು. ಸೆಪ್ಟೆಂಬರಿನ ಎರಡನೇ ಪರೀಕ್ಷೆಯಲ್ಲಿ ನಲವತ್ತೆರಡು ಹುಡುಗಿಯರೂ ಒಂದೇ ಉತ್ತರ ಬರೆದರು. ಕೆಂಪು ಪೆನ್ನಿನಲ್ಲಿ ನಾನೇ ರೈಟು ಹಾಕಿದೆ. ಹೆಮ್ಮೆಯಿಂದ ಹಾಕಿದೆ.

ದಸರೆ ರಜೆ ಕಳೆದು, ದೀಪಾವಳಿ ಕಳೆದು, ಡಿಸೆಂಬರಿನಲ್ಲಿ ಕದಿರಮ್ಮ ಬಸಿರೆಂಬ ಸುದ್ದಿ ಬಂತು. ತಾಯಿ ಇಲ್ಲದ ಹುಡುಗಿ, ಅಜ್ಜಿ ಅಮ್ಮಯಮ್ಮನ ಜೊತೆ ಇದ್ದವಳು. ಸೋದರತ್ತೆ ಮಗನಿಗೇ ಕೊಡುವುದೆಂದು ಮಾತಾಗಿತ್ತು, ಅವನು ದೊಡ್ಡಬಳ್ಳಾಪುರದಲ್ಲಿ ಮಗ್ಗ ನೇಯುತ್ತಿದ್ದ. ಸುದ್ದಿ ತಿಳಿದ ಒಂದೇ ವಾರಕ್ಕೆ ಘಾಟಿ ದೇವಸ್ಥಾನಕ್ಕೆ ಹೋಗಿ ತಾಳಿ ಕಟ್ಟಿಸಿಕೊಂಡು ಬಂದರು. ಅವನು ಮಗ್ಗಕ್ಕೆ ಹೋದ, ಇವಳು ಅಜ್ಜಿ ಮನೆಯಲ್ಲೇ ಉಳಿದಳು. ಹೆಡ್‌ಮೇಷ್ಟ್ರು ಅದೇ ದಿನ ಟಿ.ಸಿ. ಬರೆದಿಟ್ಟರು. ಟಿ.ಸಿ. ಪುಸ್ತಕದಲ್ಲಿ ಶಾಲೆಗೆ ಉಳಿಯುವ ಅರ್ಧಕ್ಕೆ ಅಮ್ಮಯಮ್ಮನ ಹೆಬ್ಬೆಟ್ಟು ಬೀಳುವುದೊಂದೇ ಬಾಕಿ. ಕದಿರಮ್ಮ ಮಾತ್ರ, ನಾನು ಪರೀಕ್ಷೆಗೆ ಕೂರ್ತೀನಿ ಎಂದು ಗೆಳತಿಯರ ಕೈಲಿ ಮೂರು ಸಲ ಹೇಳಿಕಳಿಸಿದ್ದಳು. ಪಬ್ಲಿಕ್ ಪರೀಕ್ಷೆಯ ಹೆಸರಿನ ಪಟ್ಟಿ ಬೆಂಗಳೂರಿಗೆ ಹೊರಡಬೇಕಾದದ್ದು ಸಂಜೀವಪ್ಪನವರು ಬಂದ ಆ ದಿನವೇ, ನಾಲ್ಕು ಗಂಟೆಯ ಟಪ್ಪಾಲಿಗೆ.

"ಕೊನೆ ಖಾನೆ ಒಂದು ಉಳ್ಕೊಂಡಿದೆ," ಅಂದರು ಸಂಜೀವಪ್ಪನವರು. "ಶಾಲೆಯ ದಾಖಲೆಯಲ್ಲಿರುವ ಹುಡುಗಿಯರಲ್ಲಿ ಈ ವರ್ಷ ಗರ್ಭಿಣಿಯಾದವರು?"

"ಇಲ್ಲ ಸಾರ್," ಅಂದರು ಹೆಡ್‌ಮೇಷ್ಟ್ರು. ಲೆಕ್ಕದಲ್ಲಿ ಸುಳ್ಳೂ ಅಲ್ಲ, ಹೆಬ್ಬೆಟ್ಟು ಬಿದ್ದಿದ್ದರೆ.

ಅವರನ್ನು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಸೊನ್ನೆ ಬಂದರೆ ನಮ್ಮದು ಮಾದರಿ ಶಾಲೆ ಆಗುತ್ತಿತ್ತು, ಸಂಸ್ಥೆಯವರು ಹುಡುಗಿಯರಿಗೆ ಒಂದು ಕಕ್ಕಸು ಕಟ್ಟಿಸಿಕೊಡುತ್ತಿದ್ದರು. ಆರು ವರ್ಷದಿಂದ ಆ ಒಂದು ಕಕ್ಕಸಿಗೆ ಅವರು ಅರ್ಜಿ ಹಿಡಿದು ತಟ್ಟದ ಬಾಗಿಲಿರಲಿಲ್ಲ.

ಅಷ್ಟರಲ್ಲಿ ಜಗಲಿಯ ಕಡೆಯಿಂದ ಕೆಮ್ಮು ಕೇಳಿಸಿತು. ಹೆಡ್‌ಮೇಷ್ಟ್ರು ಎದ್ದು ಬಗ್ಗಿ ನೋಡಿ ಬಂದವರು ನನ್ನ ಕಿವಿಯ ಹತ್ತಿರ, "ಅಮ್ಮಯಮ್ಮ ಬಂದವ್ಳೆ. ಟಿ.ಸಿ. ಪುಸ್ತಕ, ಪ್ಯಾಡು ಎತ್ಕೊಂಡೋಗಿ ಒತ್ತಿಸ್ಕೊಂಡು ಕಳಿಸ್ಬಿಡಿ. ಇಲ್ಲಿ ತನಕ ಬರೋಕೆ ಬಿಡ್ಬೇಡಿ," ಅಂದರು.

ಅಮ್ಮಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಬೆರಳುಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು. ದೂರದಲ್ಲಿ ಹುಣಸೆಮರದ ಕೆಳಗೆ ಕದಿರಮ್ಮ ಸೆರಗು ಹೊದ್ದು ನಿಂತಿದ್ದಳು. ನನ್ನನ್ನು ಕಂಡು ಕೈ ಎತ್ತಲು ಹೋಗಿ, ಮತ್ತೆ ಇಳಿಸಿದಳು.

"ಏನವ್ವ ಟೀಚರಮ್ಮ, ಕುಡಿಯಾಕೆ ಕಾಪಿ ತತ್ತೀಯೇನೋ ಅಂದ್ಕಂಡೆ. ಮಸಿ ತಂದಿದೀಯ," ಅಂದಳು ಅಮ್ಮಯಮ್ಮ.

"ಒಂದು ಹೆಬ್ಬೆಟ್ಟು ಅಮ್ಮಯಮ್ಮ. ಅಷ್ಟೆ."

"ಅಷ್ಟೆ ಅನ್ನೋರು ಯಾವತ್ತೂ ಅಷ್ಟಕ್ಕೇ ನಿಲ್ಸಿಲ್ಲ. ಒತ್ತಿದ್ರೆ ನಮ್ ಕದಿರಿ ಪರೀಕ್ಷೆಗೆ ಕೂರಂಗಿಲ್ಲ, ಅಲ್ವಾ?"

ನಾನು ಪ್ಯಾಡಿನ ಮುಚ್ಚಳ ತೆಗೆದು ಹಿಡಿದೆ. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ನಂಗೆ ಹೆಂಗೆ ಗೊತ್ತಾಯ್ತು ಗೊತ್ತಾ ನಿಂಗೆ? ಹುಳು ಮನೆ ಹೇಳ್ತು ಕಣವ್ವ."

ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಮುಟ್ಟಾದ ಹೆಂಗಸು ಹುಳುವಿನ ಕೋಣೆಗೆ ಕಾಲಿಡುವಂತಿಲ್ಲ. ಹುಳುವಿಗೆ ರೋಗ ಬರುತ್ತದೆ ಅನ್ನುತ್ತಾರೆ. ಬೇರೆ ಎಲ್ಲ ಗುಟ್ಟು ಮುಚ್ಚಿಡಬಹುದು, ಇದನ್ನು ಮಾತ್ರ ಆ ಕೋಣೆಯ ಹೊಸ್ತಿಲು ಬಯಲು ಮಾಡಿಬಿಡುತ್ತದೆ.

"ಎರಡು ಬೆಳೆ ಒಂದು ದಿನಾನೂ ತಪ್ಪಿಸ್ದೆ ಸೊಪ್ಪು ಹಾಕಿದ್ಲು," ಅಂದಳು ಅಮ್ಮಯಮ್ಮ. "'ಅಜ್ಜಿ, ನಾನು ಈ ಸಲ ಹೊರಗೇ ಕೂರ್ಲಿಲ್ಲ ನೋಡು' ಅಂತ ಕುಣೀತು, ಮುಂಡೇದು. ನಂಗೂ ಖುಷಿನೇ, ಕೈಗೊಂದು ಆಳು ಸಿಕ್ತಲ್ಲ ಅಂತ. ಆಮೇಲೆ ಗೂಡು ಬಿಡಿಸ್ತಾ ಕೂತಿದ್ದಾಗ ಬೆರಳು ಮಡಿಚಿ ಎಣಿಸ್ದೆ. ಕೇಳ್ದೆ. ಬೈದೆ. ಏನಂದ್ಲು ಗೊತ್ತಾ?"

"ಏನಂದ್ಲು?"

"'ನಂಗೆ ಹೆಂಗಾಗುತ್ತಜ್ಜಿ, ಮದುವೆನೇ ಆಗಿಲ್ವಲ್ಲ' ಅಂದ್ಲು. ನಾಟಕ ಅಂದ್ಕಂಡು ಕೆನ್ನೆಗೊಂದು ಬಿಟ್ಟೆ. ಅಳ್ತಾ ಅಳ್ತಾ ಅಂತಾಳೆ, 'ನಿಂಗೆ ಗೊತ್ತಿಲ್ಲ ಸುಮ್ಕಿರು, ಟೀಚರ್ ಹೇಳವ್ರೆ. ಪರೀಕ್ಷೆಲೂ ಅದ್ನೇ ಬರ್ದಿವ್ನಿ, ರೈಟು ಹಾಕವ್ರೆ' ಅಂತ." ಅಮ್ಮಯಮ್ಮ ಕಂಬ ಹಿಡಿದು ಸ್ವಲ್ಪ ಮುಂದೆ ಸರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಾನು ಓದಿದವಳಲ್ಲ ಕಣವ್ವ, ತಿಳೀದು. ಅದುಕ್ಕೇ ಕೇಳ್ತೀನಿ. ನೀನು ಏನು ಹೇಳ್ಕೊಟ್ಟೆ?"

ಪ್ಯಾಡು ಹಿಡಿದ ನನ್ನ ಹೆಬ್ಬೆರಳು ಮಸಿಯಲ್ಲಿ ಅದ್ದಿಹೋಗಿದ್ದು ನನಗೆ ಆಗ ಕಂಡಿತು. ಅಲ್ಲಿಯವರೆಗೆ ನನ್ನನ್ನು ಕೊರೆಯುತ್ತಿದ್ದದ್ದು ಟಿ.ಸಿ. ಒಂದೇ. ಅದಕ್ಕಾದರೂ ಹೆಡ್‌ಮೇಷ್ಟ್ರು ಬರೆದದ್ದು, ನಾನಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದನ್ನು ಬರೆದವಳು ನಾನೇ. ಆ ಮಗು ನನ್ನ ಮಾತನ್ನು ನಂಬಿತ್ತು. ನಲವತ್ತೆರಡು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಕಲಿತದ್ದು ಅದೊಂದೇ.

"ಇಲ್ಲೇ ಇರು ಅಮ್ಮಯಮ್ಮ," ಎಂದು ಒಳಗೆ ಬಂದೆ.

"ಆಯ್ತಾ?" ಅಂದರು ಹೆಡ್‌ಮೇಷ್ಟ್ರು ಮೆಲ್ಲಗೆ.

"ಇಲ್ಲ ಸಾರ್." ಪುಸ್ತಕ, ಪ್ಯಾಡು ಎರಡನ್ನೂ ಮೇಜಿನ ಮೇಲಿಟ್ಟೆ. "ಸಂಜೀವಪ್ಪ ಸಾರ್, ಆ ಖಾನೆಲಿ ಒಂದು ಅಂತ ಬರ್ಕೊಳ್ಳಿ. ಕದಿರಮ್ಮ ಇನ್ನೂ ನಮ್ಮ ದಾಖಲೆಲೇ ಇದಾಳೆ. ಟಿ.ಸಿ. ಆಗಿಲ್ಲ. ಮತ್ತೆ ಅವಳ ನಾಲ್ಕನೇ ಉತ್ತರ ತಪ್ಪು ಸಾರ್."

"ಏನ್ರೀ ಮುನಿತಾಯಮ್ಮ!" ಅಂದರು ಹೆಡ್‌ಮೇಷ್ಟ್ರು.

ಸಂಜೀವಪ್ಪನವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಮದುವೆಯಾದ ಮೇಲೆ." ಪಕ್ಕದ ಪೇಪರು ಎತ್ತಿದರು. ಅದರಲ್ಲೂ ಅದೇ. ಇನ್ನೊಂದು, ಮತ್ತೊಂದು. ಐದಾರು ನೋಡಿ ನಿಲ್ಲಿಸಿದರು.

"ಬೆಳಿಗ್ಗೆಯಿಂದ ಇವನ್ನೇ ಓದ್ತಿದೀನಿ. ನಂಗೂ ಚೆನ್ನಾಗೇ ಕಾಣ್ತಲ್ಲ," ಅಂದರು ತಮ್ಮಷ್ಟಕ್ಕೆ. "ಪುಸ್ತಕ ಎಲ್ಲಿ?"

ಬೀರುವಿನಿಂದ ಹಸಿರು ಪುಸ್ತಕ ತೆಗೆದು ಆರನೇ ಪುಟ ಬಿಡಿಸಿ ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು, ಗೀಚಿದ ಮಸಿಯ ಹಿಂದೆ ಏನಿದೆ ಎಂದು ನೋಡಿದರು.

"ಇದನ್ನ ಯಾಕೆ ತಿದ್ದಿದ್ರಿ ಟೀಚರ್?"

"ನಾಚಿಕೆ ಸಾರ್." ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ. ಸಿಗಲಿಲ್ಲ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪುಸ್ತಕ ಮುಚ್ಚಿ, "ಇದು ನಾನು ನೋಡಿದ ಹನ್ನೊಂದನೇ ಶಾಲೆ. ಎಲ್ಲೂ ನಾನು ಪುಸ್ತಕ ಕೇಳಿರ್ಲಿಲ್ಲ. ಬರೀ ಮಾರ್ಕ್ಸು ಕೇಳ್ತಿದ್ದೆ," ಅಂದರು. ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿ, ಪೆನ್ಸಿಲ್ ತೆಗೆದು ಕೊನೆಯ ಖಾನೆಯಲ್ಲಿ ಒಂದು ಎಂದು ಬರೆದುಕೊಂಡರು. ಬೆಂಗಳೂರಿಗೆ ಹೋದ ಮೇಲೆ ಅದು ಹಾಗೇ ಉಳಿಯಿತೋ, ರಬ್ಬರಿಗೆ ಹೋಯಿತೋ ನನಗೆ ಇಂದಿಗೂ ಗೊತ್ತಿಲ್ಲ.

"ಕಕ್ಕಸು ಹೋಯ್ತು," ಅಂದರು ಹೆಡ್‌ಮೇಷ್ಟ್ರು. ಆಮೇಲೆ ಪರೀಕ್ಷೆಯ ಪಟ್ಟಿಯನ್ನು ನನ್ನ ಕಡೆ ತಳ್ಳಿದರು. "ಇನ್ನೇನು ನೋಡ್ತೀರ? ಬರೀರಿ ಅವಳ ಹೆಸರು. ಸೈನು ಹಾಕಿಸಿ. ನಾಲ್ಕು ಗಂಟೆಗೆ ಟಪ್ಪಾಲು."

ಜಗಲಿಗೆ ಹೋಗಿ, "ಹೆಬ್ಬೆಟ್ಟು ಬೇಡ ಅಮ್ಮಯಮ್ಮ. ಕದಿರೀನ ಕರಿ, ಸೈನು ಮಾಡ್ಲಿ," ಅಂದೆ.

ಅವಳು ಮೊಮ್ಮಗಳಿಗೆ ಕೈಬೀಸಿ ಕರೆದು, ಸೀರೆ ಕೊಡವಿಕೊಂಡು ಎದ್ದಳು. "ಒಳ್ಳೇದು ಕಣವ್ವ. ಆದ್ರೆ ಆ ಉತ್ತರ ತಪ್ಪು ಅಂತ ನೀನೇ ಅವ್ಳಿಗೆ ಹೇಳು."

"ಇನ್ನೂ ನಂಬ್ತಾಳಾ? ಇಷ್ಟಾದ ಮೇಲೂ?"

"'ನನ್ಗೇನೋ ಆಗೈತೆ ಅಜ್ಜಿ, ತಪ್ಪು ನಂದೇ ಇರ್ಬೇಕು, ಟೀಚರ್ದು ಇರಾಕಿಲ್ಲ' ಅಂತಾಳೆ. ನಾನು ಹೇಳಿದ್ರೆ ಕೇಳಾಕಿಲ್ಲ. ರೈಟು ಹಾಕಿರೋಳು ನೀನು."

ಕದಿರಮ್ಮ ಒಳಗೆ ಬಂದಳು. ನನಗೆ ನಮಸ್ಕಾರ ಮಾಡಿದಳು. ತೋರಿಸಿದ ಜಾಗದಲ್ಲಿ ಆ ಮುತ್ತಿನಂಥ ಅಕ್ಷರದಲ್ಲಿ ಸೈನು ಮಾಡಿದಳು. ಆ ಉತ್ತರ ತಪ್ಪು ಅನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿ ಮೇಜಿನ ಮೇಲಿದ್ದ ಪೇಪರುಗಳು ಚದುರಿದವು. ಅವಳು ಬಗ್ಗಿ ತನ್ನ ಪೇಪರು ಯಾವುದೆಂದು ಗುರುತು ಹಿಡಿದು ಎತ್ತಿಕೊಂಡಳು. ಹತ್ತಕ್ಕೆ ಹತ್ತು ಅನ್ನುವುದನ್ನು ಒಮ್ಮೆ ನೋಡಿ, ಮಡಿಚಿಹೋಗಿದ್ದ ತುದಿಯನ್ನು ಬೆರಳಿನಿಂದ ಸವರಿ ನೆಟ್ಟಗೆ ಮಾಡಿದಳು. ಮತ್ತೆ ಹಾರದಿರಲಿ ಎಂದು ಅದರ ಮೇಲೆ ಮಸಿ ಪ್ಯಾಡನ್ನು ಎತ್ತಿಟ್ಟಳು.